ಇಂಡಿಕಾರ್ ಅಭಿಮಾನಿಗಳು 1996ರ ಒಡಕನ್ನು ಇನ್ನೂ ಯಾಕೆ ಮರೆತಿಲ್ಲ? ಈ ಆಟಕ್ಕೆ ಮುಂದೆ ದಾರಿ ಇದೆಯಾ?

ನೀವು ಕೇಳಿದ್ದು ಇಷ್ಟು. ಅಮೆರಿಕದ ಇಂಡಿಕಾರ್ ಅನ್ನುವ ಕಾರು ರೇಸ್ ಸರಣಿಯ ದೊಡ್ಡ ರೇಸ್, ಇಂಡಿಯಾನಾಪೊಲಿಸ್ 500, ಅದನ್ನು ಮೊದಲ ಸಲ ನೋಡಿದಿರಿ, ತುಂಬಾ ಹಿಡಿಸಿತು. ಆದರೆ ಹಳೇ ಅಭಿಮಾನಿಗಳು ಮಾತಿಗೊಮ್ಮೆ '1996ರ ಒಡಕು' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅದೇನು? ಈ ಆಟ ಉಳಿಯುತ್ತಾ, ಇದಕ್ಕೆ ಮನಸ್ಸು ಕೊಡಬಹುದಾ?

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಟ್ರ್ಯಾಕ್‌ಗೆ ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಇದು ಡೀಸೆಲ್ ಎಂಜಿನ್ ಮಾಡುವ ಊರು. ಇಲ್ಲಿನ ಕಮಿನ್ಸ್ ಕಂಪನಿಯ ಡೀಸೆಲ್ ಕಾರು 1952ರಲ್ಲಿ 500ರ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಮೊದಲ ಸ್ಥಾನ ಹಿಡಿದಿತ್ತು. ಊರಿನ ಹಿರಿಯರು ಈಗಲೂ ಅದನ್ನು ತಮ್ಮ ಮನೆ ವಿಷಯದ ಹಾಗೆ ಹೇಳುತ್ತಾರೆ.

ನನ್ನನ್ನು ಮೊದಲು ರೇಸಿಗೆ ಕರೆದುಕೊಂಡು ಹೋದದ್ದು ಎದುರು ಮನೆಯವರು, 1993ರಲ್ಲಿ. ಅವರ ಅಪ್ಪನ ಕಾಲದಿಂದ ಮೂರನೇ ತಿರುವಿನ ಹತ್ತಿರ ಅವರಿಗೆ ನಾಲ್ಕು ಸೀಟು. ಇಲ್ಲಿ ಪ್ರತಿ ವರ್ಷ ಟಿಕೆಟ್ ನವೀಕರಿಸುತ್ತಾ ಹೋದರೆ ಅದೇ ಜಾಗ ನಿಮಗೇ ಉಳಿಯುತ್ತದೆ. ಆ ವರ್ಷ ಗೆದ್ದದ್ದು ಬ್ರೆಜಿಲ್‌ನ ಎಮರ್ಸನ್ ಫಿಟ್ಟಿಪಾಲ್ಡಿ. ಗೆದ್ದವರು ಹಾಲು ಕುಡಿಯುವುದು ಅಲ್ಲಿನ ಪದ್ಧತಿ. ಅದರ ಮೂಲ ನಮ್ಮವರಿಗೆ ಇಷ್ಟವಾಗುವಂಥದ್ದು: 1936ರಲ್ಲಿ ಲೂಯಿ ಮೇಯರ್ ಗೆದ್ದ ಮೇಲೆ ಮಜ್ಜಿಗೆ ಕುಡಿದಿದ್ದರು. ಫಿಟ್ಟಿಪಾಲ್ಡಿಗೆ ಕಿತ್ತಳೆ ತೋಟವಿತ್ತು. ಅವರು ಮೊದಲು ಕಿತ್ತಳೆ ರಸ ಕುಡಿದರು. ಜನ ಎಷ್ಟು ಸಿಟ್ಟಾದರು ಅಂದರೆ ನನಗೆ ಆಶ್ಚರ್ಯವಾಯಿತು. ಒಂದು ಲೋಟ ಹಾಲಿಗೆ ಇಷ್ಟು ಮರ್ಯಾದೆ ಕೊಡುವ ಜನ ಈ ಆಟವನ್ನು ಎಷ್ಟು ತಮ್ಮದು ಅಂದುಕೊಂಡಿರಬೇಕು ಅಂತ ಆವತ್ತೇ ಅನ್ನಿಸಿತು.

ಈಗ ಒಡಕಿಗೆ ಬರೋಣ. ನಾನು ಸಾಗರದ ಕಡೆಯವನು. ನಮ್ಮ ಅಜ್ಜ ಮತ್ತು ಅವರ ತಮ್ಮ ಪಾಲು ಮಾಡಿಕೊಂಡಾಗ ಅಡಿಕೆ ತೋಟದ ದೊಡ್ಡ ಭಾಗ ನಮ್ಮ ಅಜ್ಜನಿಗೆ ಬಂತು. ತೋಟಕ್ಕೆ ನೀರು ಕೊಡುವ ಕೆರೆ ಚಿಕ್ಕಜ್ಜನ ಪಾಲಿಗೆ ಹೋಯಿತು. ಮಾತು ಬಿಟ್ಟಿತು, ನೀರೂ ನಿಂತಿತು. ನಮ್ಮ ಮರ ಒಣಗಿದವು. ಅವರ ಕೆರೆಯಲ್ಲಿ ನೀರಿತ್ತು, ಆದರೆ ಹಾಯಿಸಲು ಮರ ಇರಲಿಲ್ಲ. ಇಂಡಿಕಾರ್‌ಗೆ ಆದದ್ದು ಇದೇ.

ಅಲ್ಲಿ ಕೆರೆ ಅಂದರೆ ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇ. 1909ರಲ್ಲಿ ಕಟ್ಟಿದ, ಸುತ್ತಿಗೆ ನಾಲ್ಕು ಕಿಲೋಮೀಟರ್ ಇರುವ ಟ್ರ್ಯಾಕ್. 1911ರಿಂದ ಅಲ್ಲಿ 500 ಮೈಲಿಯ ರೇಸ್. ಟೋನಿ ಹಲ್ಮನ್ 1945ರಲ್ಲಿ ಅದನ್ನು ಕೊಂಡರು. ಮುಂದೆ ಅದು ಮೊಮ್ಮಗ ಟೋನಿ ಜಾರ್ಜ್ ಕೈಗೆ ಬಂತು. ಮರಗಳು ಅಂದರೆ ತಂಡಗಳು, ಚಾಲಕರು, ಎಂಜಿನ್ ಕಂಪನಿಗಳು. ಅವು 'ಕಾರ್ಟ್' ಅನ್ನುವ ಸಂಸ್ಥೆಯ ಕೈಯಲ್ಲಿದ್ದವು. ರೋಜರ್ ಪೆನ್ಸ್ಕೆ, ಪ್ಯಾಟ್ ಪ್ಯಾಟ್ರಿಕ್ ಮುಂತಾದ ತಂಡದ ಮಾಲೀಕರು 1978ರಲ್ಲಿ ಹಳೇ ಆಡಳಿತದ ಜೊತೆ ಜಗಳವಾಡಿ ಕಟ್ಟಿಕೊಂಡ ಸಂಸ್ಥೆ ಅದು. ವರ್ಷದ ಸರಣಿ ಕಾರ್ಟ್‌ನದು, 500 ಮಾತ್ರ ಬೇರೆಯವರ ಹತೋಟಿ. ಆದರೂ ಎಲ್ಲರೂ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ಗೆ ಬರುತ್ತಿದ್ದರು. ಹಾಗಾಗಿ ಬಂಡಿ ಓಡುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಇದು ಎಷ್ಟು ದೊಡ್ಡ ಆಟ ಅಂದರೆ, ಫಾರ್ಮುಲಾ 1 ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ ಅದನ್ನು ಬಿಟ್ಟು ಇಲ್ಲಿಗೆ ಬಂದು 1993ರ ಪಟ್ಟ ಗೆದ್ದರು.

ಟೋನಿ ಜಾರ್ಜ್‌ಗೆ ದೂರುಗಳಿದ್ದವು. ಖರ್ಚು ವಿಪರೀತ. ಅಂಡಾಕಾರದ ಟ್ರ್ಯಾಕ್‌ಗಳು ಕಡಿಮೆಯಾಗುತ್ತಿವೆ. ನಿಯಮ ಮಾಡುವವರೂ ತಂಡದ ಮಾಲೀಕರೇ. ಅಮೆರಿಕದ ಸಣ್ಣ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಬೆಳೆದ ಹುಡುಗರಿಗೆ ಅವಕಾಶ ಇಲ್ಲ. ನಾನು ಆಗ ಪೂರ್ತಿ ಕಾರ್ಟ್ ಕಡೆಯವನು, ಈ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಈಗ ಹೇಳುತ್ತೇನೆ, ದೂರಿನಲ್ಲಿ ಸತ್ಯ ಇತ್ತು. ಜೆಫ್ ಗೋರ್ಡನ್ ಇಂಡಿಯಾನಾಪೊಲಿಸ್ ಪಕ್ಕದ ಪಿಟ್ಸ್‌ಬೊರೊದಲ್ಲಿ ಬೆಳೆದ ಹುಡುಗ. ಅವರು ಹೋದದ್ದು ಅಮೆರಿಕದ ಇನ್ನೊಂದು ಕಾರು ರೇಸ್ ಸರಣಿ ನಾಸ್ಕಾರ್‌ಗೆ. 1994ರಲ್ಲಿ ಇದೇ ಟ್ರ್ಯಾಕ್‌ನಲ್ಲಿ ನಾಸ್ಕಾರ್ ಮೊದಲ ಸಲ ಓಡಿದಾಗ ಅವರೇ ಗೆದ್ದರು. ತವರಿನ ಹುಡುಗ ಬೇರೆ ಆಟದವನಾಗಿ ಬಂದು ಗೆದ್ದ.

ದೂರು ಸರಿ, ಮದ್ದು ತಪ್ಪು. ಜಾರ್ಜ್ 1994ರಲ್ಲಿ ಇಂಡಿ ರೇಸಿಂಗ್ ಲೀಗ್, ಅಂದರೆ ಐಆರ್‌ಎಲ್ ಅಂತ ಹೊಸ ಸರಣಿ ಘೋಷಿಸಿದರು. ಅದರ ಮೊದಲ ರೇಸ್ 1996ರ ಜನವರಿಯಲ್ಲಿ. ಆ ವರ್ಷ 500ರ 33 ಜಾಗಗಳಲ್ಲಿ 25 ಜಾಗ ತಮ್ಮ ಸರಣಿಯ ಅಂಕಪಟ್ಟಿಯಲ್ಲಿ ಮೇಲಿರುವವರಿಗೇ ಮೀಸಲು ಅಂದರು. ಅದಕ್ಕೆ ಮುಂಚೆ ನಡೆದದ್ದು ಎರಡೇ ಎರಡು ರೇಸ್! ಹೆಚ್ಚು ವೇಗ ಇರುವವನಿಗೆ ಜಾಗ ಅನ್ನುವುದೇ ಇಂಡಿಯಾನಾಪೊಲಿಸ್‌ನ ಹೆಮ್ಮೆ. ಅದಕ್ಕೇ ಕೈ ಹಾಕಿದರು. ಮರುವರ್ಷ ಈ ನಿಯಮದಿಂದ ವೇಗದ ಕಾರುಗಳೇ ಹೊರಗೆ ಉಳಿದವು. ಕೊನೆಗೆ ಇನ್ನೆರಡು ಸೇರಿಸಿ 35 ಕಾರು ಓಡಿಸಬೇಕಾಯಿತು. ಕಾರ್ಟ್‌ನವರೂ ಕಡಿಮೆಯೇನಲ್ಲ. ಮಾತಾಡಿ ಬಗೆಹರಿಸುವ ಬದಲು, 1996ರ 500 ನಡೆಯುವ ದಿನವೇ ಮಿಶಿಗನ್‌ನಲ್ಲಿ 'ಯುಎಸ್ 500' ಅಂತ ಎದುರು ರೇಸ್ ಇಟ್ಟರು.

1996ರ ಮೇ 26. ಆ ಭಾನುವಾರ ಎದುರು ಮನೆಯವರು ಟ್ರ್ಯಾಕ್‌ಗೆ ಹೋಗಲಿಲ್ಲ. ಅಪ್ಪನ ಕಾಲದಿಂದ ಅದೇ ಮೊದಲು. ನಮ್ಮ ಮನೆಯ ಟಿವಿಯಲ್ಲಿ ಮಿಶಿಗನ್ ಹಾಕಿ ಕೂತೆವು. 500 ರೇಸನ್ನು ಇಂಡಿಯಾನಾಪೊಲಿಸ್ ಸುತ್ತಮುತ್ತಲಿನ ಟಿವಿಗಳಲ್ಲಿ ಆಗೆಲ್ಲ ನೇರ ತೋರಿಸುತ್ತಿರಲಿಲ್ಲ, ಸೀಟು ತುಂಬಲಿ ಅಂತ. ಅದಕ್ಕೇ ಇಲ್ಲಿನವರು ರೇಡಿಯೋ ಕೇಳುತ್ತಿದ್ದರು, ನಾವು ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳುತ್ತಿದ್ದ ಹಾಗೆ. ಅವರ ಕೈಯಲ್ಲಿ ಆವತ್ತೂ ಪುಟ್ಟ ರೇಡಿಯೋ ಇತ್ತು. ಕಿವಿಗೆ ಒಂದು ರೇಸ್, ಕಣ್ಣಿಗೆ ಇನ್ನೊಂದು.

ಮಿಶಿಗನ್‌ನಲ್ಲಿ ಹಸಿರು ಬಾವುಟ ಬೀಳುವ ಮೊದಲೇ ಮುಂದಿನ ಸಾಲಿನ ಕಾರುಗಳು ಒಂದಕ್ಕೊಂದು ತಾಗಿದವು. ಹಿಂದಿನವೆಲ್ಲ ಬಂದು ಗುದ್ದಿದವು. 12 ಕಾರು ಜಖಂ. ನಾವೇ ಲೋಕದ ಅತಿ ಒಳ್ಳೆಯ ಚಾಲಕರು ಅಂದವರ ದೊಡ್ಡ ದಿನ ಶುರುವಾದದ್ದು ಹೀಗೆ. ರಿಪೇರಿ ಮಾಡಿ, ಮೀಸಲು ಕಾರು ತಂದು, ಮತ್ತೆ ಶುರು ಮಾಡಿದರು. ಜಿಮ್ಮಿ ವಾಸರ್ ಗೆದ್ದರು.

ರೇಡಿಯೋದಲ್ಲಿ ಕೇಳಿದ್ದು ಇನ್ನೊಂದು ಕಥೆ. ಅಲ್ಲಿ 33ರಲ್ಲಿ 17 ಜನ ಹೊಸಬರು. ಅರ್ಹತಾ ಸುತ್ತಿನಲ್ಲಿ ಮೊದಲು ಬಂದಿದ್ದ ಸ್ಕಾಟ್ ಬ್ರೇಟನ್ ರೇಸಿಗೆ ಒಂಬತ್ತು ದಿನ ಮೊದಲು ಅಭ್ಯಾಸದಲ್ಲಿ ತೀರಿಕೊಂಡಿದ್ದರು. ಗೆದ್ದದ್ದು ಬಡ್ಡಿ ಲೇಜಿಯರ್. ಮಾರ್ಚ್‌ನಲ್ಲಿ ಫೀನಿಕ್ಸ್ ಟ್ರ್ಯಾಕ್‌ನಲ್ಲಿ ಅಪಘಾತವಾಗಿ ಅವರ ಬೆನ್ನುಮೂಳೆ ಮುರಿದಿತ್ತು. ಎರಡು ತಿಂಗಳಲ್ಲಿ, ವಿಶೇಷ ಸೀಟು ಮಾಡಿಸಿಕೊಂಡು, ಆ ನೋವಿನಲ್ಲಿ 500 ಮೈಲಿ ಓಡಿಸಿ ಗೆದ್ದರು. ಬೇರೆ ಯಾವ ವರ್ಷವಾಗಿದ್ದರೂ ಆ ಗೆಲುವನ್ನು ಮಕ್ಕಳಿಗೆ ಕಥೆ ಮಾಡಿ ಹೇಳುತ್ತಿದ್ದರು. ಆವತ್ತು ನಾನು ಏನಂದೆ ಗೊತ್ತಾ? 'ಯಾರಿವನು? ಇವನ ಎದುರು ಓಡಿದವರಾದರೂ ಯಾರು?' ಅಂದೆ. ಎದುರು ಮನೆಯವರು ಏನೂ ಹೇಳದೆ ರೇಡಿಯೋ ಆರಿಸಿದರು. ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಒಡಕು ನಮ್ಮ ಮೇಲೆ ಮಾಡಿದ್ದು ಇದನ್ನೇ. ಒಳ್ಳೆಯದನ್ನು ನೋಡಿದರೂ ಒಳ್ಳೆಯದು ಅನ್ನಲು ಬಿಡಲಿಲ್ಲ. ಆ ಕಡೆಯವರಿಗೂ ಹಾಗೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ಟ್ ರೇಸಿನಲ್ಲಿ ಅಲೆಕ್ಸ್ ಜನಾರ್ಡಿ ಲಗೂನಾ ಸೆಕಾ ಟ್ರ್ಯಾಕ್‌ನ ಕಡಿದಾದ ಇಳಿಜಾರಿನ ತಿರುವಿನಲ್ಲಿ, ಕೊನೇ ಸುತ್ತಿನಲ್ಲಿ, ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿದು ಬ್ರಯಾನ್ ಹರ್ಟಾರನ್ನು ಹಿಂದೆ ಹಾಕಿ ಗೆದ್ದರು. ಅಂಥದ್ದು ನಾನು ಮತ್ತೆ ನೋಡಿಲ್ಲ. ಐಆರ್‌ಎಲ್ ಕಡೆಯ ಅಭಿಮಾನಿಗಳು ಅದನ್ನು ನೋಡಿಯೇ ಇರಲಿಲ್ಲ.

ಮುಂದಿನ ಹನ್ನೆರಡು ವರ್ಷದ್ದು ಬೇಗ ಹೇಳಿಬಿಡುತ್ತೇನೆ. ಕಾರ್ಟ್ 1998ರಲ್ಲಿ ಷೇರು ಪೇಟೆಗೆ ಹೋಯಿತು. ಆದರೆ ಪ್ರಾಯೋಜಕರಿಗೆ ಬೇಕಾದದ್ದು 500. 2000ದಲ್ಲಿ ಚಿಪ್ ಗನಾಸಿ ತಂಡ ಇಂಡಿಯಾನಾಪೊಲಿಸ್‌ಗೆ ಬಂದು ಹ್ವಾನ್ ಪಾಬ್ಲೊ ಮೊಂಟೊಯಾ ಗೆದ್ದರು. ಮರುವರ್ಷ ಪೆನ್ಸ್ಕೆ ತಂಡ ಬಂದು ಗೆದ್ದಿತು. 2002ಕ್ಕೆ ಪೆನ್ಸ್ಕೆ ಪೂರ್ತಿ ಐಆರ್‌ಎಲ್ ಕಡೆ ಹೋದರು, 2003ಕ್ಕೆ ಎಂಜಿನ್ ಕೊಡುವ ಹೋಂಡಾ, ಟೊಯೋಟಾ. ಕಾರ್ಟ್ ದಿವಾಳಿಯಾಯಿತು. 2004ರ ಜನವರಿಯಲ್ಲಿ ಅದರ ಆಸ್ತಿಗೆ ಜಾರ್ಜ್ ಜಾಸ್ತಿ ಹಣ ಹೇಳಿದರು. ಆದರೂ ನ್ಯಾಯಾಲಯ ಅದನ್ನು ಸರಣಿ ಮುಂದುವರಿಸುತ್ತೇವೆ ಅಂದ ಮೂವರು ಮಾಲೀಕರಿಗೆ ಕೊಟ್ಟಿತು. ಅದು 'ಚಾಂಪ್ ಕಾರ್' ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಎಳೆಯಿತು. ಆ ನಾಲ್ಕು ವರ್ಷವೇ ಅಭಿಮಾನಿಗಳಿಗೆ ಎಲ್ಲಕ್ಕಿಂತ ಕಷ್ಟದ ಕಾಲ. ಮುಂದಿನ ವರ್ಷ ಸರಣಿ ಇರುತ್ತದಾ ಅಂತಲೇ ಗೊತ್ತಿರುತ್ತಿರಲಿಲ್ಲ. ಗೆದ್ದ ಐಆರ್‌ಎಲ್‌ಗೂ ಸುಖ ಇರಲಿಲ್ಲ. ಅದು ಯಾರಿಗಾಗಿ ಹುಟ್ಟಿತೋ ಅಂಥ ಹುಡುಗ ಟೋನಿ ಸ್ಟೀವರ್ಟ್, ಇಂಡಿಯಾನಾದವರೇ, 1997ರಲ್ಲಿ ಅದರ ಪಟ್ಟ ಗೆದ್ದು 1999ಕ್ಕೆ ನಾಸ್ಕಾರ್‌ಗೆ ಹೋಗಿಬಿಟ್ಟರು.

2008ರಲ್ಲಿ ಎರಡೂ ಒಂದಾದವು. ಅದೂ ಸಲೀಸಾಗಿ ಆಗಲಿಲ್ಲ. ಏಪ್ರಿಲ್‌ನ ಒಂದೇ ವಾರಾಂತ್ಯ ಒಂದು ಗುಂಪು ಜಪಾನ್‌ನ ಮೊಟೆಗಿಯಲ್ಲಿ, ಇನ್ನೊಂದು ಗುಂಪು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಓಡಿತು. ಮೊಟೆಗಿಯಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಗೆದ್ದರು. ಇಂಡಿಕಾರ್ ರೇಸ್ ಗೆದ್ದ ಮೊದಲ ಮಹಿಳೆ. ಅಂಥ ಗೆಲುವಿನ ದಿನವೂ ಅರ್ಧ ಚಾಲಕರು ಬೇರೆ ಕಡೆ ಇದ್ದರು.

ಒಂದಾದರೂ ಹೋದ ಜನ ವಾಪಸ್ ಬರಲಿಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಅವರು ಸಿಟ್ಟಿನಿಂದ ಬಿಟ್ಟಿದ್ದರೆ ಸಿಟ್ಟು ಇಳಿದ ಮೇಲೆ ಬರುತ್ತಿದ್ದರು. ಅವರಿಗೆ ರೂಢಿಯೇ ತಪ್ಪಿಹೋಗಿತ್ತು. ಎದುರು ಮನೆಯವರು 1998ರಲ್ಲಿ ಸೀಟು ನವೀಕರಿಸಲಿಲ್ಲ. ಆಗ ಅವರ ಮಗನಿಗೆ ಹತ್ತು ವರ್ಷ. ಅವನು ಅಪ್ಪನ ಜೊತೆ ಮೂರನೇ ತಿರುವಿನಲ್ಲಿ ಕೂರಬೇಕಾದ ವಯಸ್ಸು ಹಾಗೇ ದಾಟಿತು. ಇಂಡಿಕಾರ್ ಕಳೆದುಕೊಂಡದ್ದು ಈ ಮಗನಂಥವರನ್ನು.

ಹಾಗಾದರೆ ಮುಂದೆ? ಕೆರೆಯೂ ತೋಟವೂ ಈಗ ಒಬ್ಬರ ಕೈಯಲ್ಲಿವೆ. ಹಲ್ಮನ್ ಕುಟುಂಬ ಟ್ರ್ಯಾಕನ್ನೂ ಸರಣಿಯನ್ನೂ ಮಾರಿತು, 2020ರ ಜನವರಿಯಲ್ಲಿ ಅವು ರೋಜರ್ ಪೆನ್ಸ್ಕೆಗೆ ಬಂದವು. 1978ರಲ್ಲಿ ಮೊದಲ ಪಾಲು ಕೇಳಿದವರಲ್ಲಿ ಒಬ್ಬರು, ಅದೇ ಪೆನ್ಸ್ಕೆ. ಸ್ಪೀಡ್‌ವೇ ಈಗ ಚೆನ್ನಾಗಿದೆ, ಹಣವನ್ನೂ ಹಾಕಿದ್ದಾರೆ. 2025ರಲ್ಲಿ ಗ್ಯಾಲರಿ ಸೀಟಿನ ಟಿಕೆಟ್ ಎಲ್ಲ ಮಾರಾಟವಾದವು. ನಮ್ಮೂರ ಟಿವಿಯಲ್ಲೂ ನೇರ ಪ್ರಸಾರ ಬಂತು. ಅದೇ ವರ್ಷ ಫಾಕ್ಸ್ ಕಂಪನಿ ಮೂರನೇ ಒಂದು ಭಾಗದ ಪಾಲು ಕೊಂಡಿತು. ಆಟ ಸಾಯುವ ಲಕ್ಷಣ ಅಲ್ಲ ಇದು.

ಆದರೆ ನನಗೊಂದು ಭಯ ಇದೆ. ಸರಣಿಯ ಮಾಲೀಕರ ತಂಡವೂ ಅದೇ ಸರಣಿಯಲ್ಲಿ ಓಡುತ್ತದೆ. 2025ರ ಅರ್ಹತಾ ಸುತ್ತಿನಲ್ಲಿ ಪೆನ್ಸ್ಕೆ ತಂಡದ ಎರಡು ಕಾರುಗಳ ಭಾಗವೊಂದು ನಿಯಮಕ್ಕೆ ತಕ್ಕಂತಿರಲಿಲ್ಲ. ಅವನ್ನು ಸಾಲಿನ ಕೊನೆಗೆ ಕಳಿಸಿದರು. ಪೆನ್ಸ್ಕೆ ತಮ್ಮ ತಂಡದ ಮುಖ್ಯಸ್ಥರನ್ನೇ ತೆಗೆದುಹಾಕಿದರು. ಕಠಿಣ ಕ್ರಮವೇ ಅದು, ಒಪ್ಪುತ್ತೇನೆ. ಆದರೂ ನಿಯಮ ಮಾಡುವವರೂ ತಂಡದ ಮಾಲೀಕರೇ ಅನ್ನುವುದು ಟೋನಿ ಜಾರ್ಜ್ ಅವರ ಹಳೇ ದೂರು ಅಲ್ವಾ? ಆ ದೂರಿಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಇನ್ನೊಂದು, ಮೇ ತಿಂಗಳಲ್ಲಿ ಬರುವ ಜನ ಜೂನ್‌ನಲ್ಲಿ ಎಲ್ಲಿ ಹೋಗುತ್ತಾರೆ? 500 ಒಂದೇ ಗಟ್ಟಿ, ಉಳಿದ ರೇಸ್‌ಗಳು ಅದರ ನೆರಳಿನಲ್ಲಿವೆ. ಕೆರೆ ತುಂಬಿದೆ, ತೋಟ ಇನ್ನೂ ಎಳೆಯದು.

ನೀವು ಮನಸ್ಸು ಕೊಡಿ. ಧೈರ್ಯವಾಗಿ ಕೊಡಿ. ಮೇ ಕೊನೆಯ ಹೊತ್ತಿಗೆ ಒಂದು ಭಾನುವಾರ ನಡೆಯುವ 500 ರೇಸ್ ಭಾರತದಲ್ಲಿ ರಾತ್ರಿ ಹತ್ತರ ಸುಮಾರಿಗೆ ಶುರುವಾಗುತ್ತದೆ. ಆದರೆ ಅದೊಂದನ್ನೇ ನೋಡಿ ನಿಲ್ಲಿಸಬೇಡಿ. ಏಪ್ರಿಲ್‌ನಲ್ಲಿ ಲಾಂಗ್ ಬೀಚ್ ನೋಡಿ, ಊರ ರಸ್ತೆಯಲ್ಲಿ ಓಡಿಸುವುದು ಬೇರೆಯದೇ ಕಲೆ. ಬಡ್ಡಿ ಲೇಜಿಯರ್ ಗೆದ್ದ ರೇಸನ್ನೂ ಒಮ್ಮೆ ಹುಡುಕಿ ನೋಡಿ, ನಾನು ಸರಿಯಾಗಿ ನೋಡದೇ ಹೋದದ್ದು.

ಹಳೇ ಅಭಿಮಾನಿಗಳು ಸಿಕ್ಕರೆ ಯಾರದು ತಪ್ಪು ಅಂತ ಕೇಳಬೇಡಿ, ರಾತ್ರಿ ಕಳೆದರೂ ಮುಗಿಯುವುದಿಲ್ಲ. ಮೊದಲ ಸಲ ಎಲ್ಲಿ ಕೂತು ನೋಡಿದಿರಿ ಅಂತ ಕೇಳಿ. ನಮ್ಮ ಎದುರು ಮನೆಯವರಿಗೆ ಈಗ ಎಂಬತ್ತು ದಾಟಿದೆ. ಕೇಳಿದರೆ ಮೂರನೇ ತಿರುವು, ಕೆಳಗಿನಿಂದ ಎಷ್ಟನೇ ಸಾಲು, ಮಾವ ಡಬ್ಬಿಯಲ್ಲಿ ತರುತ್ತಿದ್ದ ಕರಿದ ಕೋಳಿ, ಅಪ್ಪ ಪೆನ್ಸಿಲ್ ಹಿಡಿದು ಪ್ರತಿ ಹತ್ತು ಸುತ್ತಿಗೆ ಬರೆದುಕೊಳ್ಳುತ್ತಿದ್ದ ಲೆಕ್ಕ, ಎಲ್ಲ ಹೇಳುತ್ತಾರೆ.