ಓದುಗರ ಪ್ರಶ್ನೆ: ನಾಲ್ಕನೇ ಡೌನ್‌ಗೆ ಥಿಯೇಟರ್ ಯಾಕೆ ಉಸಿರು ಬಿಗಿಹಿಡಿಯುತ್ತದೆ?

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕನ್ ಫುಟ್‌ಬಾಲ್ ಸಿನಿಮಾಗಳ ಬಗ್ಗೆ.

ಪ್ರಶ್ನೆ: ಹಾಸ್ಟೆಲ್‌ದಾಗ ಹುಡುಗ್ರೆಲ್ಲ ಕೂಡಿ ಈ ಆಟದ ಸಿನಿಮಾ ನೋಡಿದ್ವಿ. ಐದಾರು ಸೆಕೆಂಡ್ ಗುದ್ದಾಡ್ತಾರ, ಸೀಟಿ ಊದ್ತಾರ, ಮತ್ತ ಸಾಲಾಗಿ ನಿಲ್ತಾರ. ಯಾರು ಗೆಲ್ಲಾಕತ್ತಾರ ಅನ್ನೋದ ತಿಳೀಲಿಲ್ಲ. ಏನು ನೋಡ್ಬೇಕ್ರಿ?
— ಕಬಡ್ಡಿ ಆಟಗಾರ, ಜಮಖಂಡಿ

ಉತ್ತರ: ಅಂಕ ಆಮೇಲೆ, ಮೊದಲು ಗೆರೆ ನೋಡಿ. ಮೈದಾನ 100 ಗಜ ಉದ್ದ, ಎರಡೂ ತುದಿಗೆ 10 ಗಜದ ಎಂಡ್ ಝೋನ್. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ. ಒಂದೊಂದೂ ಒಂದು ‘ಡೌನ್’. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಹೋಗದಿದ್ದರೆ ನಿಂತ ಜಾಗದಲ್ಲೇ ಚೆಂಡು ಎದುರಾಳಿಗೆ. 10 ಗಜವೆಂದರೆ 9.14 ಮೀಟರ್, ನಿಮ್ಮ ಅಂಕಣದ 10 ಮೀಟರ್ ಅಗಲಕ್ಕಿಂತ ತುಸು ಕಡಿಮೆ. ‘ಥರ್ಡ್ ಅಂಡ್ ಸೆವೆನ್’ ಎಂದು ಯಾರಾದರೂ ಕೂಗಿದರೆ ಮೂರನೇ ಯತ್ನ, ಇನ್ನೂ 7 ಗಜ ಬಾಕಿ ಎಂದು ಲೆಕ್ಕ.

ನಾಲ್ಕನೇ ಡೌನ್ ನಿಮ್ಮ ‘ಡು ಆರ್ ಡೈ’ ರೈಡ್ ಇದ್ದಂತೆ. ವ್ಯತ್ಯಾಸ ಒಂದೇ: ಇಲ್ಲಿ ತಪ್ಪಿಸಿಕೊಳ್ಳಲು ದಾರಿಯಿದೆ. ತಮ್ಮ ಎಂಡ್ ಝೋನ್ ಹತ್ತಿರ ಸೋತರೆ ಎದುರಾಳಿಗೆ ಟಚ್‌ಡೌನ್ (ಚೆಂಡಿನೊಂದಿಗೆ ಎಂಡ್ ಝೋನ್ ಹೊಗುವುದು) ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಅದಕ್ಕೇ ಹೆಚ್ಚಿನ ತಂಡಗಳು ನಾಲ್ಕನೆಯದಕ್ಕೆ ಚೆಂಡನ್ನು ದೂರ ಒದ್ದುಬಿಡುತ್ತವೆ. ಸಿನಿಮಾದ ಕೋಚ್ ‘ಒದೆಯುವುದು ಬೇಡ’ ಎಂದು ಕೈ ಮಾಡಿದನೋ, ದೃಶ್ಯದ ಜೀವ ಅಲ್ಲಿದೆ.

ಟಚ್‌ಡೌನ್‌ಗೆ 6 ಅಂಕ. ಅದರ ಬೆನ್ನಿಗೇ ಒದ್ದು ಗೂಟಗಳ ನಡುವೆ ದಾಟಿಸಿದರೆ 1, ಮತ್ತೆ ಎಂಡ್ ಝೋನ್ ಹೊಕ್ಕರೆ 2. ಬರೀ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ 3. ಹಾಗಾಗಿ ಕೊನೇ ನಿಮಿಷದಲ್ಲಿ ಹಿಂದಿರುವ ತಂಡದ ಅಂತರ ನೋಡಿ: 3ರೊಳಗಿದ್ದರೆ ಉಳಿಯಲು ಒಂದು ಒದೆತ ಸಾಕು, 4 ಆದರೆ ಟಚ್‌ಡೌನ್ ಬೇಕೇ ಬೇಕು. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಸೋಲುತ್ತಿರುವವರು ಕೊನೆಕೊನೆಗೆ ಎಸೆಯುತ್ತಲೇ ಇರುವುದು, ಗೆಲ್ಲುತ್ತಿರುವವರು ಎಸೆಯದೆ ಚೆಂಡು ಹಿಡಿದು ಓಡುತ್ತಲೇ ಇರುವುದು ಇದಕ್ಕೇ.

ಪ್ರಶ್ನೆ: ಕಾಲೇಜಿನ ಚಿತ್ರ ಸಂಘದಲ್ಲಿ ಈ ಆಟದ ಒಂದು ಸಿನಿಮಾ ತೋರಿಸಬೇಕೆಂದಿದ್ದೇವೆ. ಯಾವುದು ಸೂಕ್ತ? ನಮ್ಮದೇ ಒಟಿಟಿ ಖಾತೆ ಬಳಸಬಹುದೇ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಖಾತೆ ಬೇಡ, ಆ ಚಂದಾ ಮನೆಯಲ್ಲಿ ನೋಡಲಿಕ್ಕೆ ಕೊಟ್ಟದ್ದು. ಹೆರಾಲ್ಡ್ ಲಾಯ್ಡ್‌ನ ಮೂಕಿಚಿತ್ರ ‘ದಿ ಫ್ರೆಶ್‌ಮನ್’ (1925) ತೋರಿಸಿ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು 60 ವರ್ಷ, ಅದು ಎಂದೋ ಮುಗಿದಿದೆ. ಎಚ್ಚರ ಬೇಕಾದ್ದು ಸಂಗೀತದ ವಿಷಯದಲ್ಲಿ: ಈಚೆಗೆ ಸೇರಿಸಿದ ಹಿನ್ನೆಲೆ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ. ದನಿ ಪೂರ್ತಿ ಬಂದ್ ಮಾಡಿ, ಹಾರ್ಮೋನಿಯಂ-ತಬಲಾದವರನ್ನು ಕೂರಿಸಿ.

ನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ಮೊದಲೇ ಕನ್ನಡಕ್ಕೆ ತಂದು, ಕ್ರಮವಾಗಿ ಅಂಕಿ ಹಾಕಿ, ಒಬ್ಬರು ಮೈಕಿನಲ್ಲಿ ಓದಲಿ. ಒಂದೊಂದನ್ನೂ ಒಂದೇ ಸಾಲಿಗೆ ಇಳಿಸಿ. ಓದು ಉದ್ದವಾದರೆ ಮುಂದಿನ ನಗೆ ಕೈತಪ್ಪುತ್ತದೆ. ಮೂಕಿಚಿತ್ರ ಪ್ರದರ್ಶನ ಕೆಡುವುದು ಹೆಚ್ಚಾಗಿ ಇಲ್ಲೇ.

ಅದಕ್ಕೂ ಮುನ್ನ ಅರ್ಧ ತಾಸು ಹೊರಗೆ ಆಡಿಸಿ. ಸುಣ್ಣದಲ್ಲಿ 9 ಮೀಟರ್ ಅಂತರದ ಗೆರೆಗಳು, ಕಡೆಗೆ ಐವರು, ಸೊಂಟದ ಎರಡೂ ಬದಿಗೆ ಸಿಕ್ಕಿಸಿದ ಕರವಸ್ತ್ರ. ಒಂದನ್ನು ಕಿತ್ತರೆ ಆ ಡೌನ್ ಮುಗಿಯಿತು, ಕೆಡವುವ ಹಾಗಿಲ್ಲ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿರುವ ಫ್ಲ್ಯಾಗ್ ಫುಟ್‌ಬಾಲಿನ ಮೂಲ ರೀತಿಯೂ ಇದೇ.

ಪ್ರಶ್ನೆ: ‘ನಿಜ ಘಟನೆ ಆಧಾರಿತ’ ಎಂದು ಹಾಕುತ್ತಾರಲ್ಲ, ಎಷ್ಟು ನಂಬಬೇಕು?
— ನಿವೃತ್ತ ಶಿಕ್ಷಕ, ವಿಜಯಪುರ

ಉತ್ತರ: ಊರು, ವರ್ಷ, ತಂಡ ನಂಬಿ. ಕೊನೆಯ ಪಂದ್ಯವನ್ನು ಮಾತ್ರ ಹುಡುಕಿ ನೋಡದೆ ನಂಬಬೇಡಿ.

‘ರಿಮೆಂಬರ್ ದ ಟೈಟನ್ಸ್’ (2000) ತೆಗೆದುಕೊಳ್ಳಿ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಟಿ. ಸಿ. ವಿಲಿಯಮ್ಸ್ ಶಾಲೆ 1971ರಲ್ಲಿ ಆಡಿದ 13 ಪಂದ್ಯಗಳನ್ನೂ ಗೆದ್ದದ್ದು ನಿಜ. ಆದರೆ ಫೈನಲ್ ಕೊನೆಗಳಿಗೆಯ ಗೆಲುವಲ್ಲ, 27-0. ಇದ್ದದ್ದು ಇದ್ದ ಹಾಗೆ ತೋರಿಸಿದ್ದರೆ ಅರ್ಧಕ್ಕೇ ಜನ ಎದ್ದು ಹೋಗುತ್ತಿದ್ದರು! ತಂಡದ ನಾಯಕ ಗೆರಿ ಬರ್ಟಿಯರ್‌ನ ಕಾರು ಅಪಘಾತವಾದದ್ದು ಫೈನಲ್‌ಗೆ ಮೊದಲಲ್ಲ, ಪಂದ್ಯಗಳೆಲ್ಲ ಮುಗಿದ ಮೇಲೆ ಡಿಸೆಂಬರ್‌ನಲ್ಲಿ. ಇವನ್ನು ಕ್ಷಮಿಸಬಹುದು. ಎದುರಾಳಿ ಶಾಲೆಗಳೆಲ್ಲ ಬರೀ ಬಿಳಿಯರವು ಎಂಬಂತೆ ತೋರಿಸಿದ್ದು ಬೇರೆ ಮಾತು. ಅಲ್ಲೂ ಕರಿಯ ಹುಡುಗರಿದ್ದರು. ಅಂಕ ತಿದ್ದುವುದಕ್ಕಿಂತ ಇದು ದೊಡ್ಡ ತಿದ್ದುಪಡಿ.

‘ಫ್ರೈಡೇ ನೈಟ್ ಲೈಟ್ಸ್’ (2004) ಸೋತವರ ಕಥೆ. ಟೆಕ್ಸಾಸ್‌ನ ಒಡೆಸ್ಸಾದ ಪರ್ಮಿಯನ್ ಶಾಲೆ 1988ರಲ್ಲಿ ಡಲ್ಲಾಸ್‌ನ ಕಾರ್ಟರ್ ಶಾಲೆಗೆ ಸೋತದ್ದು ಸೆಮಿಫೈನಲ್‌ನಲ್ಲಿ, 14-9ರಿಂದ. ಚಿತ್ರ ಅದನ್ನೇ ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನ ಫೈನಲ್ ಮಾಡಿತು. ಆದರೂ ಹದಿನೇಳರ ಹುಡುಗರ ಮೇಲೆ ಇಡೀ ಊರು ಹೇರುವ ಭಾರವನ್ನು ಇಷ್ಟು ಖಚಿತವಾಗಿ ತೋರಿಸಿದ ಚಿತ್ರ ಈ ಪೈಕಿ ಇನ್ನೊಂದಿಲ್ಲ. ‘ರೂಡಿ’ (1993)ಯಲ್ಲಿ ಆಟಗಾರರು ಒಬ್ಬೊಬ್ಬರಾಗಿ ಕೋಚ್‌ನ ಮೇಜಿನ ಮೇಲೆ ಜೆರ್ಸಿ ಇಡುತ್ತಾರಲ್ಲ, ಕಣ್ಣೀರು ತರಿಸುವ ಆ ದೃಶ್ಯ ನಡೆದೇ ಇಲ್ಲ.

ಪ್ರಶ್ನೆ: ‘ದ ಬ್ಲೈಂಡ್ ಸೈಡ್’ನಲ್ಲಿ ಆ ದೊಡ್ಡ ಹುಡುಗನನ್ನು ಎಡಗಡೆಗೇ ಯಾಕೆ ನಿಲ್ಲಿಸುತ್ತಾರೆ?
— ಗೃಹಿಣಿ, ಇಳಕಲ್

ಉತ್ತರ: ಚೆಂಡು ಎಸೆಯುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಬಲಗೈಯಲ್ಲಿ ಎಸೆಯುವವನಾದರೆ, ಹಿಂದೆ ಸರಿಯುವಾಗ ಅವನ ಮೈ ಬಲಕ್ಕೆ ತಿರುಗಿರುತ್ತದೆ. ಎಡಗಡೆಯಿಂದ ಬೆನ್ನಿಗೆ ಬರುವವನು ಅವನಿಗೆ ಕಾಣುವುದಿಲ್ಲ. ಆ ಬದಿ ಕಾಯುವವನೇ ಲೆಫ್ಟ್ ಟ್ಯಾಕಲ್. ಚಿತ್ರದ ಆರಂಭದಲ್ಲಿ ತೋರಿಸುವ, 1985ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್‌ನ ಕಾಲು ಮುರಿದ ಪಂದ್ಯದಿಂದ ಈ ಜಾಗದ ಬೆಲೆ ಸಾಮಾನ್ಯ ಪ್ರೇಕ್ಷಕರಿಗೂ ತಿಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಎಡಚನಾದರೆ ಕಾವಲಿನ ಭಾರ ಬಲಬದಿಗೆ.

ಚಿತ್ರ ನೋಡಿದವರು ಇದನ್ನೂ ತಿಳಿದಿರಲಿ: ತನ್ನನ್ನು ದತ್ತು ತೆಗೆದುಕೊಂಡಿರಲೇ ಇಲ್ಲ, ಆಗಿದ್ದು ತನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಕೊಡುವ ಪಾಲಕತ್ವದ ಆದೇಶವಷ್ಟೇ ಎಂದು, ಚಿತ್ರದ ಆ ಹುಡುಗನ ಮೂಲ ವ್ಯಕ್ತಿ ಮೈಕಲ್ ಓಹರ್ 2023ರಲ್ಲಿ ಕೋರ್ಟಿಗೆ ಹೋದರು. ಅದೇ ವರ್ಷ ಕೋರ್ಟ್ ಆ ಪಾಲಕತ್ವ ಕೊನೆಗೊಳಿಸಿತು. ಮೋಸ ಮಾಡಿಲ್ಲ ಎಂಬುದು ಅವರನ್ನು ಮನೆಗೆ ಕರೆತಂದಿದ್ದ ಕುಟುಂಬದ ಮಾತು.

ಪ್ರಶ್ನೆ: ಅಷ್ಟು ದಪ್ಪ ಹೆಲ್ಮೆಟ್ ಇದ್ದೂ ‘ಕನ್ಕಶನ್’ ಚಿತ್ರದ ಆಟಗಾರರಿಗೆ ಮಿದುಳು ಕಾಯಿಲೆ ಹೇಗೆ?
— ದೈಹಿಕ ಶಿಕ್ಷಕ, ಗೋಕಾಕ

ಉತ್ತರ: ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ, ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಸಣ್ಣ ಏಟುಗಳೂ ವರ್ಷಾನುಗಟ್ಟಲೆ ಸೇರುತ್ತಾ ಹೋಗುತ್ತವೆ. ಚಿತ್ರದ ಕಥಾನಾಯಕರಾದ ಪಿಟ್ಸ್‌ಬರ್ಗ್‌ನ ಡಾ. ಬೆನೆಟ್ ಒಮಾಲು, 2002ರಲ್ಲಿ ತೀರಿಕೊಂಡ ಆಟಗಾರ ಮೈಕ್ ವೆಬ್‌ಸ್ಟರ್‌ನ ಮಿದುಳು ಪರೀಕ್ಷಿಸಿ, ಈ ಹಾನಿಯ ಬಗ್ಗೆ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಸಿಟಿಇ ಎಂಬ ಈ ಕಾಯಿಲೆಯನ್ನು ಖಚಿತವಾಗಿ ಗುರುತಿಸುವುದು ಇಂದಿಗೂ ಸತ್ತ ಮೇಲಿನ ಪರೀಕ್ಷೆಯಲ್ಲೇ.

ನಿಮ್ಮ ಕುಸ್ತಿ, ಕಬಡ್ಡಿ ಹುಡುಗರಿಗೂ ಇದೇ ನಿಯಮ: ತಲೆಗೆ ಏಟು ಬಿದ್ದು ಮಂಕಾದವನನ್ನು ಆಗಿಂದಾಗಲೇ ಹೊರಗೆ ಕೂರಿಸಿ, ಆ ದಿನ ಮತ್ತೆ ಇಳಿಸಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ.

ಪ್ರಶ್ನೆ: ಆಟಗಾರರದ್ದು ಸಾಕು. ಅಭಿಮಾನಿಗಳ ಕಥೆ ಇಲ್ಲವೇ? ಆಟವನ್ನೇ ನೇರ ನೋಡುವುದಾದರೆ ಯಾವಾಗ?
— ಅಂಗಡಿಕಾರ, ಮುಧೋಳ

ಉತ್ತರ: ‘ಬಿಗ್ ಫ್ಯಾನ್’ (2009) ನೋಡಿ. ಪಾರ್ಕಿಂಗ್ ಕಟ್ಟಡದಲ್ಲಿ ದುಡಿಯುವ ನ್ಯೂಯಾರ್ಕ್ ಜೈಂಟ್ಸ್ ಭಕ್ತ ತನ್ನ ಆರಾಧ್ಯ ಆಟಗಾರನಿಂದಲೇ ಏಟು ತಿನ್ನುತ್ತಾನೆ. ಕೇಸು ಹಾಕಿದರೆ ತಂಡಕ್ಕೇ ನಷ್ಟ. ಮನೆಮಂದಿ ಕೂಡಿ ನೋಡುವಂಥದ್ದಲ್ಲ, ಮಾತು ಒರಟು. ಇನ್ನು ನೇರ ಪ್ರಸಾರ: ಈಚಿನ ವರ್ಷಗಳಲ್ಲಿ ಅಲ್ಲಿನ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲ್ ಫೆಬ್ರವರಿಯ ಎರಡನೇ ಭಾನುವಾರ ಸಂಜೆ ಅಲ್ಲಿ, ನಮಗೆ ಸೋಮವಾರ ನಸುಕಿನ 5 ಗಂಟೆ ಸುಮಾರಿಗೆ ಶುರು. ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಮುಗಿದಿರುತ್ತದೆ.