ಪ್ರತಿಕ್ರಿಯೆ: ‘ಅಂಕಲ್’ ಮೊದಲು ಸೋದರಮಾವ ಮಾತ್ರ

ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರಿಗೂ ಇಂಗ್ಲಿಷಿನಲ್ಲಿ ‘ಅಂಕಲ್’ ಒಂದೇ ಪದ ಏಕೆ, ಮೊದಲಿಂದಲೂ ಹೀಗೇನಾ ಎಂದು ಕೇಳಿದ್ದೀರಿ. ಮೊದಲು ಹೀಗಿರಲಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಸೋದರ ‘ಏಆಮ್’, ತಂದೆಯ ಸೋದರ ‘ಫ್ಯಾಡೆರ’. ನಮ್ಮ ಹಾಗೆಯೇ ಬೇರೆ ಬೇರೆ. 13ನೇ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನಿಂದ ಬಂದ ‘ಅಂಕಲ್’ ಎರಡನ್ನೂ ಮೆಲ್ಲಗೆ ಬದಿಗೆ ಸರಿಸಿತು. ಅದರ ತಾಯಿಬೇರು ಲ್ಯಾಟಿನ್ನಿನ ‘ಅವುಂಕುಲುಸ್’. ‘ಅವುಸ್’ ಎಂದರೆ ಅಜ್ಜ. ಹಾಗಾಗಿ ಅಕ್ಷರಶಃ ‘ಪುಟ್ಟ ಅಜ್ಜ’! ನನಗೆ ತುಂಬ ಇಷ್ಟವಾದ ಸಂಗತಿ ಇದು. ಆದರೆ ಅಲ್ಲಿ ಅದರ ಅರ್ಥ ಸೋದರಮಾವ ಮಾತ್ರ. ತಂದೆಯ ಸೋದರನಿಗೆ ‘ಪತ್ರುವುಸ್’ ಎಂಬ ಬೇರೆ ಪದವಿತ್ತು. ರೋಮನ್ ಬರಹಗಳಲ್ಲಿ ಈ ಪತ್ರುವುಸ್ ಸದಾ ಗದರಿಸುವ, ತಪ್ಪು ಹುಡುಕುವ ಹಿರಿಯನಿಗೆ ಅನ್ವರ್ಥನಾಮವೇ ಆಗಿಬಿಟ್ಟಿದ್ದ.

ನೀವು ಕೇಳಿದ ಇನ್ನೊಂದು ಇಂಗ್ಲಿಷ್ ಪದ ‘ಅವಂಕ್ಯುಲರ್’, ಅಂದರೆ ‘ಅಂಕಲ್‌ನಂಥ’, ನೇರವಾಗಿ ಲ್ಯಾಟಿನ್ನಿನಿಂದ ಎತ್ತಿಕೊಂಡದ್ದು, ಬಹಳ ತಡವಾಗಿ. ಈಗ ಅದಕ್ಕೆ ನೆಂಟಸ್ತಿಕೆಯೇ ಬೇಕಿಲ್ಲ: ಕಿರಿಯರೊಡನೆ ಅಕ್ಕರೆಯಿಂದ, ಸಲಿಗೆಯಿಂದ ನಡೆದುಕೊಳ್ಳುವ ಯಾವ ಹಿರಿಯನಿಗೂ ಒಪ್ಪುತ್ತದೆ.

ಹಳೆಯ ಖಚಿತ ಅರ್ಥ ಉಳಿದಿರುವುದು ಮಾನವಶಾಸ್ತ್ರದಲ್ಲಿ. ಮದುವೆಯಾದ ಜೋಡಿ ಗಂಡನ ಸೋದರಮಾವನ ಊರಿನಲ್ಲಿ ನೆಲೆಸುವ ಪದ್ಧತಿಗೆ ಅಲ್ಲಿ ‘ಅವಂಕ್ಯುಲೋಕಲ್’ ಎನ್ನುತ್ತಾರೆ. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳು ಅದರ ಪ್ರಸಿದ್ಧ ಉದಾಹರಣೆ. ಈ ಪದವನ್ನು ಕನ್ನಡಕ್ಕೆ ತರುವಾಗ ‘ಸೋದರಮಾವ’ ಎಂದೇ ಬರೆಯಿರಿ, ಬರಿಯ ‘ಮಾವ’ ಎಂದರೆ ಹೆಂಡತಿಯ ತಂದೆ ಎಂದುಕೊಂಡಾರು.