ಓದುಗರ ಪ್ರಶ್ನೆ: ಟೊಂಗೆ ನಿಲ್ಲುತ್ತಿಲ್ಲ, ಹೂವು ಬಾಡುತ್ತಿದೆ

ಪ್ರಶ್ನೆ: ಜಪಾನಿನ ಹೂಜೋಡಣೆ ಇಕೆಬಾನಾ ಕಲಿಯುತ್ತಿದ್ದೇನೆ. 28 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಬೋಗುಣಿ ಇದೆ, ಹೂ ಚುಚ್ಚುವ ಮುಳ್ಳುಪೀಠ ಕೆಂಜಾನ್ ಕೂಡ ಇದೆ. ಟೊಂಗೆ ವಾಲಿ ಬೀಳುತ್ತವೆ, ಸೇವಂತಿಗೆ ಮರುದಿನವೇ ಬಾಡುತ್ತದೆ. ಅಳತೆ ಹೇಗೆ ಹಿಡಿಯಬೇಕು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಳತೆ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಸೋಫು ತೆಶಿಗಹಾರಾ 1927ರಲ್ಲಿ ಆರಂಭಿಸಿದ ಸೊಗೆತ್ಸು ಪದ್ಧತಿಯ ಮೊದಲ ಪಾಠ ನಿಮಗೆ ಸಾಕು. ಬೋಗುಣಿಯ ಅಗಲಕ್ಕೆ ಎತ್ತರ ಕೂಡಿಸಿ, ಒಂದೂವರೆ ಪಟ್ಟು ಮಾಡಿ: 51 ಸೆಂ.ಮೀ. ಇದು ಮುಖ್ಯ ಟೊಂಗೆ, ‘ಶಿನ್’. ಅದರ ಮುಕ್ಕಾಲು ಭಾಗ, ಅಂದರೆ 38 ಸೆಂ.ಮೀ., ‘ಸೋಯೆ’. ಸೋಯೆಯ ಮುಕ್ಕಾಲು, ಸುಮಾರು 29 ಸೆಂ.ಮೀ., ‘ಹಿಕಾಯೆ’, ಇದಕ್ಕೆ ಹೂವನ್ನೇ ಬಳಸಿ. ನೆಟ್ಟಗೆ ನಿಂತ ಗೆರೆಯಿಂದ ಶಿನ್ 10–15 ಡಿಗ್ರಿ, ಸೋಯೆ 45, ಹಿಕಾಯೆ 75 ಡಿಗ್ರಿ ಬಾಗಲಿ. ಮೂರೂ ನೋಡುವವರ ಕಡೆಗೆ ಮುಂದಕ್ಕೆ ವಾಲಿರಬೇಕು; ಒಂದೇ ಸಾಲಿಗೆ ನಿಂತರೆ ಜೋಡಣೆ ಚಪ್ಪಟೆ ಕಾಣುತ್ತದೆ.

ಟೊಂಗೆ ಬೀಳುವುದು ಬಹುತೇಕ ಓರೆಯಾಗಿಯೇ ಚುಚ್ಚುವುದರಿಂದ. ಹಾಗೆ ಚುಚ್ಚಿದರೆ ಒಂದೆರಡು ಮುಳ್ಳು ಮಾತ್ರ ಹಿಡಿಯುತ್ತವೆ, ಅವೂ ಬಾಗುತ್ತವೆ. ಪೇರಲ, ದಾಳಿಂಬೆಯಂಥ ಗಟ್ಟಿ ಟೊಂಗೆಯ ಬುಡವನ್ನು ಓರೆಯಾಗಿ ಕತ್ತರಿಸಿ, ಒಂದೆರಡು ಸೆಂ.ಮೀ. ಉದ್ದಕ್ಕೆ ಸೀಳಿ. ನೆಟ್ಟಗೆ ಒತ್ತಿ ಕೂರಿಸಿ, ಆಮೇಲೆ ಬುಡ ಹಿಡಿದು ನಿಧಾನವಾಗಿ ಬಾಗಿಸಿ. ಸೇವಂತಿಗೆ, ಜರ್ಬೆರಾ ದಂಟಿಗೆ ಮಾತ್ರ ಅಡ್ಡ ಕತ್ತರಿಯೇ ಸರಿ. ಕೆಂಜಾನೇ ಏಳುತ್ತಿದ್ದರೆ, ಟೊಂಗೆ ವಾಲಿದ ದಿಕ್ಕಿನ ಎದುರು ಅಂಚಿನ ಮೇಲೆ ಇನ್ನೊಂದು ಕೆಂಜಾನ್ ಬೋರಲು ಹಾಕಿ.

ಬಾಡುವುದಕ್ಕೆ ಕಾರಣ ಬೇರೆ. ಹೊರಗೆ ಕತ್ತರಿಸಿದ ದಂಟಿನೊಳಗೆ ಗಾಳಿ ಹೊಕ್ಕು ನೀರು ಮೇಲೇರುವುದಿಲ್ಲ. ಆದ್ದರಿಂದ ಬುಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಯೇ ಎರಡು-ಮೂರು ಸೆಂ.ಮೀ. ಮತ್ತೆ ಕತ್ತರಿಸಿ, ಜಪಾನಿನಲ್ಲಿ ಇದಕ್ಕೆ ‘ಮಿಜುಕಿರಿ’ ಎನ್ನುತ್ತಾರೆ. ಜೋಡಿಸುವ ಮೊದಲು ಒಂದೆರಡು ತಾಸು ಅಲ್ಲೇ ಬಿಡಿ. ನೀರಿನಡಿ ಒಂದು ಎಲೆಯೂ ಉಳಿಯಬಾರದು, ಕೊಳೆತರೆ ದಂಟಿನ ಬಾಯಿ ಮುಚ್ಚುತ್ತದೆ. ಕೆಂಜಾನ್ ಪೂರ್ತಿ ಮುಳುಗುವಷ್ಟು ನೀರಿರಲಿ. ನಮ್ಮ ಏಪ್ರಿಲ್ ಬಿಸಿಲಿಗೆ ದಿನವೂ ನೀರು ಬದಲಿಸಲೇಬೇಕು.

ಪೇಟೆಯಲ್ಲಿ ಮಾಲೆಗೆಂದು ಮಾರುವ ಬಿಡಿ ಸೇವಂತಿಗೆ ಈ ಕೆಲಸಕ್ಕೆ ಬಾರದು, ಅದಕ್ಕೆ ದಂಟೇ ಇರುವುದಿಲ್ಲ. ಬೊಕ್ಕೆ ಕಟ್ಟುವ ಅಂಗಡಿಯಲ್ಲಿ ಉದ್ದ ದಂಟಿನದನ್ನೇ ಕೇಳಿ ಪಡೆಯಿರಿ, ಅರೆಬಿರಿದದ್ದನ್ನೇ ಆರಿಸಿ. ಟೊಂಗೆಗೆ ಕಣಗಿಲೆ ಬೇಡ, ಅದರ ಹಾಲು ವಿಷ.